ಋತುಮಧ್ಯದ ಸಾಕ್ಷ್ಯ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳ ಏಳುಬೀಳುಗಳನ್ನು ತೂಗುವ ಬಗೆ

ಐಹೊಳೆಯ ಮೇಗುಟಿ ದೇವಾಲಯದಲ್ಲಿರುವ ರವಿಕೀರ್ತಿಯ ಪ್ರಶಸ್ತಿಯು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ರಚಿತವಾದುದೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ವಿದಿತವಾದ ವಿಷಯ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದುದೂ ಪಲ್ಲವರನ್ನು ಕಂಚಿಯ ಕೋಟೆಯೊಳಕ್ಕೆ ಅಟ್ಟಿದುದೂ ಅದರಲ್ಲಿ ವರ್ಣಿತವಾಗಿವೆ. ಅದಾದ ಸುಮಾರು ಎಂಟು ವರ್ಷಗಳಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನೇ ಹಿಡಿದನು. ಹಾಗೆಂದು ರವಿಕೀರ್ತಿ ಸುಳ್ಳು ಬರೆದನೆಂದು ಯಾರೂ ಹೇಳುವುದಿಲ್ಲ. ಆತನು ಬರೆದುದು ಕಥೆಯ ನಡುವೆ. ನಾವು ಓದುವುದು ಕಥೆ ಮುಗಿದ ಮೇಲೆ. ನಡುವೆ ನಿಂತವನ ಕೈಯಲ್ಲಿರುವ ಸಾಕ್ಷ್ಯದಿಂದ ಮುಂದಿನದನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬುದು ನಮ್ಮ ಶಾಸ್ತ್ರದಲ್ಲಿ ನೇರವಾಗಿ ಪರೀಕ್ಷಿಸಲಾಗದ ಪ್ರಶ್ನೆ. ಏಕೆಂದರೆ ಏಳನೆಯ ಶತಮಾನವು ಮತ್ತೊಮ್ಮೆ ನಡೆಯುವುದಿಲ್ಲ.

ವರ್ಷವರ್ಷವೂ ಮತ್ತೆ ನಡೆಯುವ, ಅಂಕಿ-ಅಂಶಗಳೆಲ್ಲ ದಾಖಲೆಯಾಗಿ ಉಳಿಯುವ ಒಂದು ಕ್ಷೇತ್ರದಲ್ಲಿ ಈ ಪ್ರಶ್ನೆಯನ್ನು ಕೇಳಿ ನೋಡಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂಥದೊಂದು ಕ್ಷೇತ್ರ. ಆಕರ ವಿಮರ್ಶೆಯ ತರಗತಿಯಲ್ಲಿ ಪ್ರಸ್ತುತ ಲೇಖಕನು ಒಂದು ತಂಡದ ಅರ್ಧ ಋತುವಿನ ದಾಖಲೆಯನ್ನು ಹೆಸರು ಮರೆಮಾಡಿ ವಿದ್ಯಾರ್ಥಿಗಳ ಮುಂದಿಟ್ಟು, "ಇದು ಏರುವುದೋ ಇಳಿಯುವುದೋ?" ಎಂದು ಕೇಳಿದುದುಂಟು. ಉತ್ತರ ಹೇಳಲು ಎಲ್ಲರೂ ಅನುಮಾನಿಸಿದರು. ಅಂತ್ಯವನ್ನು ತಿಳಿಸಿದೊಡನೆ, ಅದು ಹಾಗೆಯೇ ಆಗಬೇಕಾಗಿತ್ತೆಂಬುದಕ್ಕೆ ಎಲ್ಲರ ಬಳಿಯೂ ಕಾರಣಗಳಿದ್ದವು. ಈ ಎರಡು ಮನಃಸ್ಥಿತಿಗಳ ನಡುವಣ ಅಂತರವೇ ಈ ಲೇಖನಕ್ಕೆ ಪ್ರೇರಣೆ. ಇಲ್ಲಿ ಪುರುಷರ ತಂಡಗಳನ್ನು ಮಾತ್ರ ಪರಿಗಣಿಸಲಾಗಿದೆ.

1. ಋತುವಿನ ರಚನೆ

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನು ರೂಪಿಸಿದನು. ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿ 1939ರಲ್ಲಿ ಎಂಟು ತಂಡಗಳೊಡನೆ ಆರಂಭವಾಯಿತು. 1985ರಲ್ಲಿ ತಂಡಗಳ ಸಂಖ್ಯೆ 64ಕ್ಕೂ 2011ರಲ್ಲಿ 68ಕ್ಕೂ ಏರಿತು. ಪ್ರಥಮ ಶ್ರೇಣಿಯಲ್ಲಿ ಆಡುವ ಕಾಲೇಜುಗಳಾದರೋ ಮುನ್ನೂರೈವತ್ತಕ್ಕೂ ಹೆಚ್ಚು. ಇವು ಕಾನ್ಫರೆನ್ಸ್ ಎಂದು ಕರೆಯಲ್ಪಡುವ ಒಕ್ಕೂಟಗಳಾಗಿ ವಿಂಗಡಗೊಂಡಿವೆ.

ಋತುವು ನವೆಂಬರಿನಲ್ಲಿ ಆರಂಭವಾಗುತ್ತದೆ. ಮೊದಲ ಎರಡು ತಿಂಗಳು ಬಹುಮಟ್ಟಿಗೆ ಹೊರಗಿನ ತಂಡಗಳೊಡನೆ ಪಂದ್ಯ. ದೊಡ್ಡ ಕಾಲೇಜುಗಳು ಈ ಅವಧಿಯಲ್ಲಿ ಸಣ್ಣ ಕಾಲೇಜುಗಳನ್ನು ತಮ್ಮ ಅಂಗಣಕ್ಕೆ ಕರೆಸಿಕೊಂಡು ಗೆಲುವುಗಳನ್ನು ಕೂಡಿಹಾಕುವುದುಂಟು. ಜನವರಿಯಿಂದ ಮಾರ್ಚಿನ ಮೊದಲ ವಾರದವರೆಗೆ ಒಕ್ಕೂಟದೊಳಗಿನ ಪಂದ್ಯಗಳು. ಅನಂತರ ಒಕ್ಕೂಟದ ಪಂದ್ಯಾವಳಿ, ಅದರ ಬೆನ್ನಿಗೆ ರಾಷ್ಟ್ರೀಯ ಪಂದ್ಯಾವಳಿ. ಒಕ್ಕೂಟದ ಪಂದ್ಯಾವಳಿಯನ್ನು ಗೆದ್ದ ತಂಡಕ್ಕೆ ರಾಷ್ಟ್ರೀಯ ಪ್ರವೇಶ ತಾನಾಗಿ ದೊರೆಯುತ್ತದೆ. ಮಿಕ್ಕ ಸ್ಥಾನಗಳನ್ನು ಆಯ್ಕೆ ಸಮಿತಿಯೊಂದು ತುಂಬುತ್ತದೆ. ಜನವರಿಯ ನಡುವೆ ತಂಡವು ಮೂವತ್ತು ಚಿಲ್ಲರೆ ಪಂದ್ಯಗಳಲ್ಲಿ ಸುಮಾರು ಅರ್ಧವನ್ನು ಮುಗಿಸಿರುತ್ತದೆ. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ತರಬೇತುದಾರರ ಉದ್ಯೋಗ ಉಳಿಯುವುದೂ ಹೋಗುವುದೂ, ಹತ್ತೊಂಬತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿಗಳನ್ನು ಧೀರರೆಂದೋ ಅಂಜುಬುರುಕರೆಂದೋ ಸಾರ್ವಜನಿಕರು ಕರೆಯುವುದೂ ಇಂಥ ತೀರ್ಮಾನಗಳ ಮೇಲೆಯೇ. ತಪ್ಪು ಓದಿನಿಂದ ಇಲ್ಲಿ ಮನುಷ್ಯರಿಗೆ ಹಾನಿಯುಂಟು.

2. ಗೆಲುವಿನ ಪಟ್ಟಿ: ಯಾರ ಮೇಲೆ, ಎಲ್ಲಿ?

ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಗೆಲುವು-ಸೋಲುಗಳ ಲೆಕ್ಕ. ಶಾಸನದ ಪ್ರಶಸ್ತಿಭಾಗದಂತೆ ಇದು ನಿಜವೇ ಆದರೂ ಅಪೂರ್ಣ. ಹದಿನಾಲ್ಕು ಗೆಲುವು, ಎರಡು ಸೋಲು ಎಂಬ ಮಾತು, ಸೋತವರು ಯಾರು, ಪಂದ್ಯ ನಡೆದುದು ಎಲ್ಲಿ ಎಂಬುದನ್ನು ಹೇಳುವುದಿಲ್ಲ. ಸ್ವಂತ ಅಂಗಣದಲ್ಲಿ ಆಡುವ ತಂಡಕ್ಕೆ ಸುಮಾರು ಮೂರು ಅಂಕಗಳ ಅನುಕೂಲವಿರುವುದೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಆದ್ದರಿಂದ ಅದೇ ಎದುರಾಳಿಯನ್ನು ಮನೆಯಲ್ಲಿ ಎದುರಿಸುವುದಕ್ಕೂ ಅವರಲ್ಲಿಗೆ ಹೋಗಿ ಎದುರಿಸುವುದಕ್ಕೂ ಆರು ಅಂಕಗಳಷ್ಟು ವ್ಯತ್ಯಾಸ ಬೀಳುತ್ತದೆ.

ಆಯ್ಕೆ ಸಮಿತಿಯೂ ಈ ತೊಡಕನ್ನು ಬಹುಕಾಲದ ಹಿಂದೆಯೇ ಕಂಡುಕೊಂಡಿತ್ತು. 1981ರಿಂದ ಅದು ಬಳಸಿದ ಸೂಚ್ಯಂಕದಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಕಾಲುಭಾಗ, ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧಭಾಗ, ಎದುರಾಳಿಗಳ ಎದುರಾಳಿಗಳ ಪ್ರಮಾಣಕ್ಕೆ ಉಳಿದ ಕಾಲುಭಾಗ ತೂಕವಿತ್ತು. ಇದರಿಂದ 'ಯಾರ ಮೇಲೆ' ಎಂಬುದಕ್ಕೆ ಉತ್ತರ ಸಿಕ್ಕಿತೇ ಹೊರತು 'ಎಷ್ಟರಿಂದ' ಎಂಬುದಕ್ಕೆ ಸಿಗಲಿಲ್ಲ. 2018ರಲ್ಲಿ ಅದನ್ನು ಕೈಬಿಟ್ಟು ಹೊಸ ಶ್ರೇಣೀಕರಣವನ್ನು ಜಾರಿಗೆ ತರಲಾಯಿತು. ಇದರ ವರ್ಗೀಕರಣ ಗಮನಾರ್ಹ: ಮನೆಯಲ್ಲಾದರೆ ಮೊದಲ 30 ತಂಡಗಳೊಡನೆ, ತಟಸ್ಥ ಸ್ಥಳದಲ್ಲಾದರೆ ಮೊದಲ 50ರೊಡನೆ, ಎದುರಾಳಿಯ ಊರಿನಲ್ಲಾದರೆ ಮೊದಲ 75ರೊಡನೆ ಆಡಿದ ಪಂದ್ಯವು ಒಂದೇ ಪ್ರಥಮ ವರ್ಗಕ್ಕೆ ಸೇರುತ್ತದೆ. ಪರಸ್ಥಳದ ಸಾಧಾರಣ ಗೆಲುವು ಸ್ವಸ್ಥಳದ ಘನವಾದ ಗೆಲುವಿಗೆ ಸಮಾನವೆಂಬ ತತ್ತ್ವ ಇಲ್ಲಿ ಒಪ್ಪಿತವಾದಂತಾಯಿತು.

ಋತುಮಧ್ಯದಲ್ಲಿ ತಂಡವನ್ನು ತೂಗುವವನು ಹಿಂದಿನ ಪಟ್ಟಿಯ ಜೊತೆಗೆ ಮುಂದಿನ ಪಟ್ಟಿಯನ್ನೂ ನೋಡಬೇಕು. ಡಿಸೆಂಬರಿನಲ್ಲಿ ಮನೆಯಲ್ಲೇ ಕುಳಿತು ಗೆದ್ದ ತಂಡವು ಫೆಬ್ರವರಿಯಲ್ಲಿ ಬಲಿಷ್ಠರ ಊರುಗಳಿಗೆ ಹೋಗಬೇಕಾಗಿದ್ದರೆ, ಅದರ ಶಕ್ತಿ ಕುಂದದಿದ್ದರೂ ಗೆಲುವಿನ ಪ್ರಮಾಣ ಕುಂದಿಯೇ ಕುಂದುತ್ತದೆ. ಇಂಥ ಇಳಿತವನ್ನು ಪತನವೆಂದು ಕರೆಯುವುದು ಸಲ್ಲದು.

3. ಅಂತರವೂ ಸರದಿಯೂ

ಗೆಲುವಿಗಿಂತ ಗೆಲುವಿನ ಅಂತರವೇ ಹೆಚ್ಚು ವಿಶ್ವಾಸಾರ್ಹವಾದ ಸಾಕ್ಷ್ಯ. ಇಪ್ಪತ್ತು ಅಂಕಗಳಿಂದ ಗೆದ್ದವನನ್ನೂ ಒಂದು ಅಂಕದಿಂದ ಗೆದ್ದವನನ್ನೂ ಗೆಲುವಿನ ಪಟ್ಟಿ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಆದರೆ ಅಂತರವನ್ನು ಓದುವುದರಲ್ಲಿಯೂ ಒಂದು ಎಚ್ಚರ ಬೇಕು. ಕೆಲವು ತಂಡಗಳು ನಿಧಾನವಾಗಿ ಆಡುತ್ತವೆ, ಕೆಲವು ವೇಗವಾಗಿ. ಚೆಂಡು ಒಂದು ತಂಡದ ಕೈಗೆ ಬಂದು ಮತ್ತೆ ಎದುರಾಳಿಯ ಕೈಗೆ ಹೋಗುವವರೆಗಿನ ಅವಧಿಯನ್ನು ಇಲ್ಲಿ 'ಸರದಿ' ಎಂದು ಕರೆಯೋಣ. ಪಂದ್ಯಕ್ಕೆ 60 ಸರದಿ ಆಡುವ ತಂಡವೊಂದು ಎದುರಾಳಿಗೆ 60 ಅಂಕ ಬಿಟ್ಟುಕೊಡುತ್ತದೆ. 75 ಸರದಿ ಆಡುವ ಇನ್ನೊಂದು 72 ಅಂಕ ಬಿಟ್ಟುಕೊಡುತ್ತದೆ ಎಂದು ಇಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಮೊದಲನೆಯದರ ರಕ್ಷಣೆಯೇ ಬಿಗಿಯೆಂದು ತೋರುತ್ತದೆ. ನೂರು ಸರದಿಗೆ ಲೆಕ್ಕ ಹಾಕಿದರೆ ಮೊದಲನೆಯದು 100 ಅಂಕ, ಎರಡನೆಯದು 96 ಅಂಕ ಬಿಟ್ಟುಕೊಟ್ಟಂತಾಗುತ್ತದೆ. ಎರಡನೆಯದರ ರಕ್ಷಣೆಯೇ ಮೇಲು.

ಅಂಕಗಳನ್ನು ಸರದಿಗೆ ಹಂಚಿ ನೋಡುವ ಈ ಪದ್ಧತಿಯನ್ನು ಮುಂದೆ ನಾರ್ತ್ ಕೆರೊಲಿನಾದ ಪ್ರಸಿದ್ಧ ತರಬೇತುದಾರನಾದ ಡೀನ್ ಸ್ಮಿತ್ 1950ರ ದಶಕದಲ್ಲಿಯೇ ಅನುಸರಿಸಿದ್ದನು. ಡೀನ್ ಆಲಿವರ್ ಎಂಬಾತನು 2004ರ ತನ್ನ ಗ್ರಂಥದಲ್ಲಿ ಸರದಿಯ ಫಲವನ್ನು ನಾಲ್ಕು ಅಂಗಗಳಾಗಿ ಬಿಡಿಸಿದನು: ಎಸೆತದ ಸಾಫಲ್ಯ, ಚೆಂಡನ್ನು ಕಳೆದುಕೊಳ್ಳದಿರುವಿಕೆ, ತಪ್ಪಿದ ಎಸೆತವನ್ನು ಮರಳಿ ಹಿಡಿಯುವಿಕೆ ಅಥವಾ ರೀಬೌಂಡ್, ಮತ್ತು ಫ್ರೀ ಥ್ರೋ ದೊರಕಿಸಿಕೊಳ್ಳುವಿಕೆ. ಹವಾಮಾನ ಶಾಸ್ತ್ರಜ್ಞನಾಗಿದ್ದ ಕೆನ್ ಪಾಮರಾಯ್ ಎಂಬಾತನು ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಕಾಲೇಜು ತಂಡಗಳೆಲ್ಲವನ್ನೂ ಹೀಗೆ ಸರದಿಯ ಲೆಕ್ಕದಲ್ಲಿ, ಎದುರಾಳಿಯ ಬಲಕ್ಕೆ ತಕ್ಕಂತೆ ಸರಿಪಡಿಸಿ, ಶ್ರೇಣೀಕರಿಸುತ್ತ ಬಂದನು. ಮಳೆ ಬರುವುದೋ ಬಾರದೋ ಎಂಬುದನ್ನು ಖಚಿತವಾಗಿ ಹೇಳದೆ ಸಂಭವನೀಯತೆಯನ್ನು ಮಾತ್ರ ಹೇಳುವ ಶಿಸ್ತು ಹವಾಮಾನ ಶಾಸ್ತ್ರದ್ದು. ಆಟದ ವಿಮರ್ಶೆಗೂ ಅದೇ ಶಿಸ್ತು ಒದಗಿತು.

4. ಅಲ್ಪ ಅಂತರದ ಗೆಲುವುಗಳು: ಸಿರಕ್ಯೂಸ್, 2014

ತರಗತಿಯಲ್ಲಿ ಹೆಸರು ಮರೆಮಾಡಿ ಕೊಟ್ಟಿದ್ದುದು ಸಿರಕ್ಯೂಸ್ ವಿಶ್ವವಿದ್ಯಾಲಯದ ತಂಡದ 2013-14ರ ದಾಖಲೆ. ಆ ತಂಡವು ಮೊದಲ 25 ಪಂದ್ಯಗಳನ್ನೂ ಗೆದ್ದು ದೇಶದಲ್ಲಿ ಪ್ರಥಮ ಸ್ಥಾನದಲ್ಲಿತ್ತು. ಆದರೆ ಆ ಸಾಲಿನ ಕೊನೆಯ ಭಾಗವನ್ನು ಸಮೀಪದಿಂದ ನೋಡಬೇಕು. ಫೆಬ್ರವರಿ 1ರಂದು ಡ್ಯೂಕ್ ಮೇಲೆ ಹೆಚ್ಚುವರಿ ಅವಧಿಯಲ್ಲಿ 91-89. ಫೆಬ್ರವರಿ 12ರಂದು ಪಿಟ್ಸ್‌ಬರ್ಗ್ ಮೇಲೆ 58-56. ಅದೂ ಸುಮಾರು 35 ಅಡಿ ದೂರದಿಂದ ಟೈಲರ್ ಎನಿಸ್ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಬುಟ್ಟಿಗೆ ಬಿದ್ದುದರಿಂದ. ಫೆಬ್ರವರಿ 15ರಂದು ನಾರ್ತ್ ಕೆರೊಲಿನಾ ಸ್ಟೇಟ್ ಮೇಲೆ 56-55. ಈ ಮೂರು ಗೆಲುವುಗಳ ಒಟ್ಟು ಅಂತರ 5 ಅಂಕ.

ಫೆಬ್ರವರಿ 19ರಂದು, ಅಲ್ಲಿಯವರೆಗೆ 6 ಪಂದ್ಯಗಳನ್ನು ಮಾತ್ರ ಗೆದ್ದು 19ರಲ್ಲಿ ಸೋತಿದ್ದ ಬಾಸ್ಟನ್ ಕಾಲೇಜ್ ತಂಡವು ಸಿರಕ್ಯೂಸನ್ನು ಅದರ ಸ್ವಂತ ಅಂಗಣದಲ್ಲಿಯೇ ಹೆಚ್ಚುವರಿ ಅವಧಿಯಲ್ಲಿ 62-59ರಿಂದ ಸೋಲಿಸಿತು. ಅಲ್ಲಿಂದ ಮುಂದೆ ಸಿರಕ್ಯೂಸ್ ಆಡಿದ ಒಂಬತ್ತು ಪಂದ್ಯಗಳಲ್ಲಿ ಮೂರನ್ನು ಗೆದ್ದು ಆರರಲ್ಲಿ ಸೋತಿತು. ಕೊನೆಯ ಸೋಲು ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಡೇಟನ್ ತಂಡದೆದುರು, 55-53. ಇಲ್ಲಿ ಸಂಭವಿಸಿದುದೇನು? ತಂಡದ ಸ್ವಭಾವ ಒಂದೇ ವಾರದಲ್ಲಿ ಬದಲಾಯಿತೆ? ಆರು ಸೋಲುಗಳಲ್ಲಿ ನಾಲ್ಕು ಐದು ಅಥವಾ ಅದಕ್ಕೂ ಕಡಿಮೆ ಅಂಕಗಳ ಸೋಲುಗಳೆಂಬುದನ್ನು ಗಮನಿಸಿದರೆ ಉತ್ತರ ಸುಲಭವಾಗುತ್ತದೆ. ಫೆಬ್ರವರಿಯ ಪೂರ್ವಾರ್ಧದಲ್ಲಿ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಒಂದು ಕಡೆಗೆ ವಾಲಿತ್ತು; ಉತ್ತರಾರ್ಧದಲ್ಲಿ ಅಷ್ಟೇ ಪ್ರಮಾಣದಲ್ಲಿ ಇನ್ನೊಂದು ಕಡೆಗೆ ವಾಲಿತು. ಮುಖ್ಯ ಆಟಗಾರನಾದ ಜೆರಾಮಿ ಗ್ರಾಂಟ್ ಈ ಅವಧಿಯಲ್ಲಿ ಬೆನ್ನುನೋವಿನಿಂದ ಬಳಲಿದುದೂ ಒಂದು ಕಾರಣ. ವರ್ಜೀನಿಯದೆದುರು 75-56ರ ಸೋಲು ಮಾತ್ರ ನಿಸ್ಸಂದೇಹವಾದ ಸೋಲು.

ಅಲ್ಪ ಅಂತರದ ಪಂದ್ಯಗಳನ್ನು ಗೆಲ್ಲುವುದು ಒಂದು ವಿಶೇಷ ಗುಣವೆಂದು ಜನರು ನಂಬುತ್ತಾರೆ. ಆ ಗುಣವು ಸ್ವಲ್ಪಮಟ್ಟಿಗೆ ಇರಬಹುದು. ಆದರೆ ಒಂದು ತಿಂಗಳಲ್ಲಿ ಅಂಥ ಪಂದ್ಯಗಳನ್ನೆಲ್ಲ ಗೆದ್ದ ತಂಡವು ಮರುತಿಂಗಳೂ ಹಾಗೆಯೇ ಗೆಲ್ಲುವುದೆಂದು ನೆಚ್ಚುವಂತಿಲ್ಲ. ಪಾಮರಾಯನ ಪಟ್ಟಿಯಲ್ಲಿ, ಅಂಕಗಳ ಅಂತರಕ್ಕೆ ತಕ್ಕುದಾಗಿ ಇರಬೇಕಾದ ಗೆಲುವುಗಳಿಗೂ ವಾಸ್ತವವಾಗಿ ದೊರೆತ ಗೆಲುವುಗಳಿಗೂ ಇರುವ ಭೇದಕ್ಕೆ 'ಅದೃಷ್ಟ' ಎಂದೇ ಹೆಸರಿಡಲಾಗಿದೆ. ಋತುಮಧ್ಯದಲ್ಲಿ ಈ ಕಲಮಿನಲ್ಲಿ ಮೇಲಿರುವ ತಂಡವನ್ನು ಇಳಿಯಬಹುದಾದುದೆಂದೂ, ಕೆಳಗಿರುವ ತಂಡವನ್ನು ಏರಬಹುದಾದುದೆಂದೂ ಭಾವಿಸುವುದು ಯುಕ್ತ.

5. ಎಸೆತಗಳಲ್ಲಿ ಆಕಸ್ಮಿಕದ ಪಾಲು

ಅಂತರದೊಳಗೂ ಆಕಸ್ಮಿಕ ಸೇರಿರುತ್ತದೆ. ಕಾಲೇಜು ಆಟದಲ್ಲಿ ಮೂರಂಕದ ಗೆರೆ 1986-87ರಲ್ಲಿ ರಾಷ್ಟ್ರವ್ಯಾಪಿಯಾಗಿ ಬಂದಿತು. 2019-20ರಲ್ಲಿ ಅದನ್ನು 22 ಅಡಿ 1¾ ಅಂಗುಲಕ್ಕೆ ಹಿಂದೆ ಸರಿಸಲಾಯಿತು. ಈ ಗೆರೆಯ ಹೊರಗಿನಿಂದ ನೂರಕ್ಕೆ 34 ಎಸೆತಗಳನ್ನು ಸಫಲಗೊಳಿಸುವ ಸಹಜ ಸಾಮರ್ಥ್ಯವಿರುವ ತಂಡವೊಂದನ್ನು ಕಲ್ಪಿಸಿಕೊಳ್ಳೋಣ. ಅದು ಪಂದ್ಯಕ್ಕೆ 20ರಂತೆ ಹತ್ತು ಪಂದ್ಯಗಳಲ್ಲಿ 200 ಬಾರಿ ಎಸೆಯುತ್ತದೆ. ಸಂಭವನೀಯತೆಯ ಸಾಮಾನ್ಯ ಸೂತ್ರದಂತೆ ಇಲ್ಲಿ ಪ್ರಮಾಣ ವಿಚಲನೆಯು ಶೇಕಡ 3.3ರಷ್ಟು. ಎಂದರೆ ಸಾಮರ್ಥ್ಯದಲ್ಲಿ ಏನೂ ಬದಲಾವಣೆಯಿಲ್ಲದೆಯೇ ಮೂರರಲ್ಲಿ ಒಂದು ಸಲ ಆ ತಂಡದ ಹತ್ತು ಪಂದ್ಯಗಳ ಸರಾಸರಿ ಶೇಕಡ 31ಕ್ಕಿಂತ ಕೆಳಗೋ 37ಕ್ಕಿಂತ ಮೇಲೋ ಬೀಳುತ್ತದೆ. ಶೇಕಡ 37 ಎಂದರೆ ಶ್ರೇಷ್ಠ ತಂಡ, 31 ಎಂದರೆ ದುರ್ಬಲ ತಂಡವೆಂದು ಪತ್ರಿಕೆಗಳು ಬರೆಯುತ್ತವೆ. ಎರಡೂ ಒಂದೇ ತಂಡ.

ಎದುರಾಳಿಗಳ ಎಸೆತಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಎದುರಾಳಿಯು ಫ್ರೀ ಥ್ರೋ ಎಸೆಯುವಾಗ ರಕ್ಷಿಸುವ ತಂಡಕ್ಕೆ ಮಾಡಲು ಏನೂ ಇರುವುದಿಲ್ಲ. ದೂರದ ಎಸೆತಗಳ ವಿಷಯದಲ್ಲಿ, ಎದುರಾಳಿಯು ಎಷ್ಟು ಬಾರಿ ಎಸೆಯಬೇಕೆಂಬುದನ್ನು ರಕ್ಷಣೆಯು ಬಹುಮಟ್ಟಿಗೆ ನಿಯಂತ್ರಿಸಬಲ್ಲುದಾದರೂ, ಎಸೆದವುಗಳಲ್ಲಿ ಎಷ್ಟು ಬುಟ್ಟಿಗೆ ಬೀಳಬೇಕೆಂಬುದನ್ನು ಬಹಳ ಕಡಿಮೆ ನಿಯಂತ್ರಿಸುತ್ತದೆಂದು ಪಾಮರಾಯನು ವಾದಿಸಿದ್ದಾನೆ. ಆದ್ದರಿಂದ ಎದುರಾಳಿಗಳ ದೂರದ ಎಸೆತಗಳು ತಪ್ಪುತ್ತಿರುವುದರಿಂದಲೇ ಬಿಗಿಯಾಗಿ ಕಾಣುವ ರಕ್ಷಣೆಯನ್ನು ನಂಬಬಾರದು. ಚೆಂಡನ್ನು ಕಸಿಯುವುದು, ರೀಬೌಂಡ್ ಹಿಡಿಯುವುದು, ಎಸೆತಕ್ಕೇ ಅವಕಾಶ ಕೊಡದಿರುವುದು ಇವುಗಳಿಂದ ಬಿಗಿಯಾದ ರಕ್ಷಣೆಯನ್ನು ನಂಬಬಹುದು. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಗಳ ಹಾಗೂ ಮಕ್ಕಳ ಎತ್ತರಗಳನ್ನು ಅಳೆದು, ಅಸಾಧಾರಣವಾದುದು ಮುಂದಿನ ಅಳತೆಯಲ್ಲಿ ಸರಾಸರಿಯ ಕಡೆಗೆ ಸರಿಯುವುದೆಂದು ತೋರಿಸಿದನು. ಋತುಮಧ್ಯದ ಏಳುಬೀಳುಗಳಲ್ಲಿ ದೊಡ್ಡ ಪಾಲು ಈ ಸರಿಯುವಿಕೆಯೇ.

6. ಆಡಿದವರು ಯಾರು?

ಒಂದೇ ಹೆಸರಿನ ಕೆಳಗೆ ಎರಡು ತಂಡಗಳು ಅಡಗಿರುವುದುಂಟು. 1983ರ ಜನವರಿಯಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡದ ಡೆರೆಕ್ ವಿಟನ್‌ಬರ್ಗ್ ಕಾಲಿನ ಮೂಳೆ ಮುರಿದುಕೊಂಡು ಹಲವು ವಾರ ಹೊರಗುಳಿದನು. ಋತುವಿನ ಅಂತ್ಯಕ್ಕೆ ತಂಡದ ಲೆಕ್ಕ 17 ಗೆಲುವು, 10 ಸೋಲು. ನೋಡುವವರಿಗೆ ಸಾಧಾರಣ ತಂಡ. ಆದರೆ ಆ ಲೆಕ್ಕದಲ್ಲಿ ಆತನಿದ್ದ ತಂಡವೂ ಆತನಿಲ್ಲದ ತಂಡವೂ ಬೆರೆತಿದ್ದವು. ಆತನು ಮರಳಿದ ಮೇಲೆ ಆ ತಂಡವು ಒಕ್ಕೂಟದ ಪಂದ್ಯಾವಳಿಯನ್ನು ಗೆದ್ದು, ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಹ್ಯೂಸ್ಟನ್ ತಂಡವನ್ನು 54-52ರಿಂದ ಸೋಲಿಸಿತು.

ಇದಕ್ಕೆ ವಿಪರ್ಯಾಯವಾದ ನಿದರ್ಶನ 2000ದ ಸಿನ್ಸಿನಾಟಿ. ದೇಶದಲ್ಲಿ ಅಗ್ರಸ್ಥಾನದಲ್ಲಿದ್ದ ಆ ತಂಡದ ಮುಖ್ಯ ಆಟಗಾರ ಕೆನ್ಯನ್ ಮಾರ್ಟಿನ್ ಮಾರ್ಚಿನಲ್ಲಿ ಕಾಲು ಮುರಿದುಕೊಂಡನು. ಆಯ್ಕೆ ಸಮಿತಿಯು ತಂಡಕ್ಕೆ ಎರಡನೆಯ ಶ್ರೇಯಾಂಕವನ್ನು ಕೊಟ್ಟಿತು. ತಂಡವು ಎರಡನೆಯ ಸುತ್ತಿನಲ್ಲಿಯೇ ಟಲ್ಸ ತಂಡಕ್ಕೆ ಸೋತಿತು. ದಾಖಲೆಯಲ್ಲಿದ್ದ ತಂಡ ಅಂಗಣದಲ್ಲಿರಲಿಲ್ಲ.

ಭಾರವನ್ನು ಎಷ್ಟು ಜನ ಹೊತ್ತಿದ್ದಾರೆಂಬುದೂ ವಿಚಾರಣೀಯ. 2017-18ರಲ್ಲಿ ಒಕ್ಲಹೋಮ ತಂಡದ ಪ್ರಥಮ ವರ್ಷದ ವಿದ್ಯಾರ್ಥಿ ಟ್ರೇ ಯಂಗ್ ಅಂಕಗಳಲ್ಲಿಯೂ, ಸಹ ಆಟಗಾರರಿಗೆ ಅಂಕ ದೊರಕಿಸಿಕೊಡುವುದರಲ್ಲಿಯೂ ಇಡೀ ದೇಶಕ್ಕೆ ಮೊದಲಿಗನಾದನು. ಒಂದೇ ಋತುವಿನಲ್ಲಿ ಎರಡರಲ್ಲಿಯೂ ಅಗ್ರಗಣ್ಯನಾದವರು ಅದಕ್ಕೆ ಹಿಂದೆ ಇರಲಿಲ್ಲ. ಜನವರಿಯ ನಡುವೆ ತಂಡವು 14 ಗೆಲುವು, 2 ಸೋಲುಗಳೊಡನೆ ನಾಲ್ಕನೆಯ ಸ್ಥಾನದಲ್ಲಿತ್ತು. ಋತು ಮುಗಿದಾಗ 18 ಗೆಲುವು, 14 ಸೋಲು. ಆ ಒಕ್ಕೂಟದಲ್ಲಿ ಆಗ ಹತ್ತು ತಂಡಗಳಿದ್ದು, ಪ್ರತಿಯೊಂದೂ ಮಿಕ್ಕ ಒಂಬತ್ತರೊಡನೆ ಎರಡೆರಡು ಬಾರಿ ಆಡಬೇಕಾಗಿತ್ತು. ಒಬ್ಬನನ್ನೇ ನೆಚ್ಚಿದ ವ್ಯೂಹವು ಎರಡನೆಯ ಭೇಟಿಯಲ್ಲಿ ಎದುರಾಳಿಗೆ ಹೊಸದಾಗಿರುವುದಿಲ್ಲ. ಸಿರಕ್ಯೂಸಿನ ಇಳಿತದಲ್ಲಿ ಆಕಸ್ಮಿಕದ ಪಾಲು ದೊಡ್ಡದು. ಒಕ್ಲಹೋಮದ ಹನ್ನೆರಡು ಸೋಲು, ನಾಲ್ಕು ಗೆಲುವುಗಳ ಇಳಿತವನ್ನು ಆಕಸ್ಮಿಕವೊಂದರಿಂದಲೇ ವಿವರಿಸುವುದು ಕಷ್ಟ. ಎರಡು ಪತನಗಳೂ ಒಂದೇ ಜಾತಿಯವಲ್ಲ.

7. ಪೂರ್ವಾಭಿಪ್ರಾಯದ ಬೆಲೆ

ಋತುವಿನ ಆರಂಭಕ್ಕೆ ಮುನ್ನ ತಂಡದ ಬಗ್ಗೆ ಇದ್ದ ಅಭಿಪ್ರಾಯವನ್ನು ಜನವರಿಯಲ್ಲಿ ಪೂರ್ತಿಯಾಗಿ ಒರಸಿಹಾಕಬೇಕೇ? ಬೇಡವೆಂಬುದೇ ಅನುಭವಸಿದ್ಧವಾದ ಉತ್ತರ. ಹಿಂದಿನ ವರ್ಷಗಳ ಆಟ, ಮರಳಿ ಬಂದ ಆಟಗಾರರು, ತರಬೇತುದಾರನ ಚರಿತ್ರೆ ಇವೆಲ್ಲ ಹದಿನೈದು ಪಂದ್ಯಗಳಿಗಿಂತ ವಿಸ್ತಾರವಾದ ಸಾಕ್ಷ್ಯ. ಆದಕಾರಣ ಒಳ್ಳೆಯ ಗಣಿತ ಪದ್ಧತಿಗಳು ಹಳೆಯ ಅಭಿಪ್ರಾಯವನ್ನು ಒಮ್ಮೆಲೇ ಬಿಡದೆ, ಹೊಸ ಪಂದ್ಯಗಳು ಕೂಡಿದಂತೆ ಅದರ ತೂಕವನ್ನು ಕ್ರಮಕ್ರಮವಾಗಿ ತಗ್ಗಿಸುತ್ತವೆ.

ಆದರೆ ಆ ಪೂರ್ವಾಭಿಪ್ರಾಯವೇ ಅಲ್ಪ ಸಾಕ್ಷ್ಯದಿಂದ ಹುಟ್ಟಿದ್ದರೆ? ನಾರ್ತ್ ಕೆರೊಲಿನಾ ತಂಡವು 2022ರಲ್ಲಿ ಎಂಟನೆಯ ಶ್ರೇಯಾಂಕದಿಂದ ಹೊರಟು, ಡ್ಯೂಕನ್ನು 81-77ರಿಂದ ಸೋಲಿಸಿ ಅಂತಿಮ ಪಂದ್ಯವನ್ನು ಮುಟ್ಟಿತು. ಅಲ್ಲಿ ಕ್ಯಾನ್ಸಸ್ ತಂಡಕ್ಕೆ 72-69ರಿಂದ ಸೋತಿತು. ಮುಖ್ಯ ಆಟಗಾರರಲ್ಲಿ ನಾಲ್ವರು ಮರಳಿ ಬಂದುದರಿಂದ ಮರುವರ್ಷ ಆರಂಭದಲ್ಲಿಯೇ ಅದಕ್ಕೆ ಪ್ರಥಮ ಸ್ಥಾನ ದೊರೆಯಿತು. ಅದು 20 ಗೆಲುವು, 13 ಸೋಲುಗಳೊಡನೆ ರಾಷ್ಟ್ರೀಯ ಪಂದ್ಯಾವಳಿಗೆ ಪ್ರವೇಶವನ್ನೇ ಪಡೆಯಲಿಲ್ಲ; 1985ರ ಬಳಿಕ ಋತುವಿನ ಆರಂಭದಲ್ಲಿ ಪ್ರಥಮವೆನಿಸಿದ ತಂಡವೊಂದಕ್ಕೆ ಹೀಗಾದುದು ಅದೇ ಮೊದಲು. ಪಂದ್ಯಾವಳಿಗೆ ಮೊದಲು 24 ಗೆಲುವು, 9 ಸೋಲುಗಳಿದ್ದ ತಂಡವನ್ನು ಅದರ ಕೊನೆಯ ಆರು ಪಂದ್ಯಗಳಿಂದ ಅಳೆದುದೇ ತಪ್ಪಾಯಿತು. 2021ರಿಂದ ಆಟಗಾರರು ಒಂದು ಕಾಲೇಜಿನಿಂದ ಮತ್ತೊಂದಕ್ಕೆ ಹೋಗಿ ಕೂಡಲೇ ಆಡಲು ಅನುಮತಿ ದೊರೆತುದರಿಂದ, ಹಿಂದಿನ ವರ್ಷದ ಸಾಕ್ಷ್ಯವು ಮತ್ತಷ್ಟು ತೆಳುವಾಗಿದೆ.

8. ಕೂಟಶಾಸನ

ತಾಮ್ರಪಟಗಳಲ್ಲಿ ಕೂಟಶಾಸನಗಳಿರುವಂತೆ ಆಟದ ದಾಖಲೆಯಲ್ಲಿಯೂ ಇವೆ. ಅಂತರವೇ ಉತ್ತಮ ಸಾಕ್ಷ್ಯವೆಂದು ಮೇಲೆ ಹೇಳಿದೆವಷ್ಟೆ. ಜೂಜುಗಾರರು ಕೊಂಡುಕೊಂಡುದು ಅದನ್ನೇ. ಅವರ ಪಣವು ಗೆಲ್ಲುವವರು ಯಾರು ಎಂಬುದರ ಮೇಲಲ್ಲ, ಎಷ್ಟು ಅಂಕಗಳಿಂದ ಎಂಬುದರ ಮೇಲೆ. ಆದಕಾರಣ ಆಟಗಾರನು ತನ್ನ ತಂಡವನ್ನು ಸೋಲಿಸದೆಯೇ, ಅಂತರವನ್ನು ಮಾತ್ರ ತಗ್ಗಿಸಿ ಹಣ ಪಡೆಯಬಹುದಾಗಿತ್ತು. 1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜ್ ತಂಡವು ದೇಶದ ಎರಡು ದೊಡ್ಡ ಪಂದ್ಯಾವಳಿಗಳನ್ನೂ ಒಂದೇ ವರ್ಷ ಗೆದ್ದಿತು. 1951ರ ಫೆಬ್ರವರಿಯಲ್ಲಿ, ಋತುಮಧ್ಯದಲ್ಲಿಯೇ, ಅದರ ಆಟಗಾರರು ಈ ಆಪಾದನೆಯ ಮೇಲೆ ಬಂಧಿತರಾದರು. 1949ರಲ್ಲಿ ಆ ಎರಡು ಪಂದ್ಯಾವಳಿಗಳಲ್ಲೊಂದರಲ್ಲಿ ಬಲಿಷ್ಠವಾದ ಕೆಂಟಕಿ ತಂಡವು ಷಿಕಾಗೋದ ಲೊಯೋಲಾ ತಂಡಕ್ಕೆ 67-56ರಿಂದ ಸೋತು ಎಲ್ಲರನ್ನೂ ಅಚ್ಚರಿಗೊಳಿಸಿ, ಅದೇ ತಿಂಗಳು ಇನ್ನೊಂದನ್ನು ಗೆದ್ದಿತು. ಈ ಏರುಪೇರಿಗೆ ಕಾರಣ ಅಂಗಣದಲ್ಲಿರಲಿಲ್ಲವೆಂಬುದು 1951ರಲ್ಲಿ ಆಟಗಾರರೇ ಒಪ್ಪಿಕೊಂಡಾಗ ಬಯಲಾಯಿತು. ಕೆಂಟಕಿಯ 1952-53ರ ಋತುವೇ ರದ್ದಾಯಿತು. ಅಂಕಿಗಳನ್ನು ಎಷ್ಟು ಸೂಕ್ಷ್ಮವಾಗಿ ತೂಗಿದರೂ, ಅವುಗಳನ್ನು ಉತ್ಪಾದಿಸಿದ ಮನುಷ್ಯರನ್ನು ಮರೆಯಲಾಗದೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ.

9. ಅಪವಾದಗಳು

ಈ ಎಲ್ಲ ತೂಕಗಳೂ ತಪ್ಪಾಗಿ ಕಂಡ ಸಂದರ್ಭಗಳು ಪ್ರಸಿದ್ಧವಾಗಿವೆ. 1988ರಲ್ಲಿ ಕ್ಯಾನ್ಸಸ್ ತಂಡವು ಒಂದು ಹಂತದಲ್ಲಿ 12 ಗೆಲುವು, 8 ಸೋಲುಗಳಲ್ಲಿತ್ತು. ಅದೇ ತಂಡವು ಒಟ್ಟು 11 ಸೋಲುಗಳೊಡನೆ ರಾಷ್ಟ್ರೀಯ ವಿಜೇತವಾಯಿತು. ಅಂತಿಮ ಪಂದ್ಯದಲ್ಲಿ ಡ್ಯಾನಿ ಮ್ಯಾನಿಂಗ್ 31 ಅಂಕ, 18 ರೀಬೌಂಡ್ ಗಳಿಸಿದನು. 2011ರಲ್ಲಿ ಕನೆಕ್ಟಿಕಟ್ ತಂಡವು ಒಕ್ಕೂಟದೊಳಗೆ 9 ಗೆಲುವು, 9 ಸೋಲುಗಳೊಡನೆ ಒಂಬತ್ತನೆಯದಾಗಿತ್ತು. ಆಮೇಲೆ ಐದು ದಿನಗಳಲ್ಲಿ ಐದು ಪಂದ್ಯಗಳನ್ನು ಗೆದ್ದು, ಬಳಿಕ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. 2024ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ 17 ಗೆಲುವು, 14 ಸೋಲುಗಳ ನಂತರ ಹಾಗೆಯೇ ಐದು ದಿನ ಗೆದ್ದು ರಾಷ್ಟ್ರೀಯ ಉಪಾಂತ್ಯವನ್ನು ಮುಟ್ಟಿತು.

ಇವುಗಳಿಂದ ತೂಗುವ ಕ್ರಮವೇ ವ್ಯರ್ಥವೆಂದು ಹೇಳುವುದು ಸರಿಯಲ್ಲ. ನೂರಕ್ಕೆ ಒಂದು ಸಂಭವವೆಂದು ಹೇಳಿದುದು ನೂರಕ್ಕೊಮ್ಮೆ ನಡೆಯಲೇಬೇಕು. ಮುನ್ನೂರೈವತ್ತು ತಂಡಗಳಿರುವಲ್ಲಿ ವರ್ಷವರ್ಷವೂ ಯಾವುದಾದರೊಂದಕ್ಕೆ ನಡೆಯುತ್ತದೆ. ನಾವು ನೆನಪಿಡುವುದು ಆ ಒಂದನ್ನು. 12-8ರಲ್ಲಿದ್ದು 12-8ಕ್ಕೆ ತಕ್ಕಂತೆಯೇ ಮುಗಿಸಿದ ನೂರಾರು ತಂಡಗಳ ಹೆಸರನ್ನು ಯಾರೂ ಹೇಳುವುದಿಲ್ಲ. ಉಳಿದುಬಂದ ಆಕರಗಳಿಂದಲೇ ಯುಗವನ್ನು ಅಳೆಯುವ ಚರಿತ್ರಕಾರನಿಗೂ ಈ ದೋಷ ಅಂಟಿಕೊಂಡಿದೆ.

10. ಉಪಸಂಹಾರ

ಮೇಲಿನ ವಿವೇಚನೆಯ ಸಾರವಿಷ್ಟು. ಜನವರಿಯಲ್ಲಿ ತಂಡವನ್ನು ತೂಗುವವನು ಮೊದಲು ಎದುರಾಳಿಗಳನ್ನೂ ಸ್ಥಳವನ್ನೂ ನೋಡಬೇಕು; ಗೆಲುವನ್ನು ಬಿಟ್ಟು ಸರದಿಯ ಅಂತರವನ್ನು ಹಿಡಿಯಬೇಕು; ಅದರಲ್ಲಿ ಅಲ್ಪ ಅಂತರದ ಗೆಲುವು, ದೂರದ ಎಸೆತ ಮುಂತಾದ ನಿಲ್ಲದ ಭಾಗವನ್ನು ನಿಲ್ಲುವ ಭಾಗದಿಂದ ಬೇರ್ಪಡಿಸಬೇಕು; ಆಡಿದವರು ಮುಂದೆಯೂ ಆಡುವರೇ ಎಂದು ವಿಚಾರಿಸಬೇಕು; ಪೂರ್ವಾಭಿಪ್ರಾಯಕ್ಕೆ ಅದರ ಬೆಲೆಯನ್ನು ಕೊಡಬೇಕು. ಇಷ್ಟೆಲ್ಲ ಮಾಡಿದ ಮೇಲೂ 'ಏರುವ ಸಂಭವ ಹೆಚ್ಚು', 'ಇಳಿಯುವ ಸಂಭವ ಹೆಚ್ಚು' ಎಂಬುದಕ್ಕಿಂತ ಮುಂದೆ ಹೋಗಬಾರದು.

ಇದಕ್ಕಿಂತ ಮುಖ್ಯವಾದುದು ಋತು ಮುಗಿದ ಮೇಲಿನ ಸಂಯಮ. 2014ರ ಫೆಬ್ರವರಿಯಲ್ಲಿ 35 ಅಡಿಯ ಎಸೆತವೊಂದು ಬಿದ್ದುದರಿಂದ ಸಿರಕ್ಯೂಸಿನ ವಿದ್ಯಾರ್ಥಿಗಳು ಧೀರರಾದರು. ಮಾರ್ಚಿನಲ್ಲಿ ಎರಡು ಅಂಕಗಳಿಂದ ಸೋತುದರಿಂದ ಕುಸಿದವರಾದರು. ಅವರು ಅದೂ ಅಲ್ಲ, ಇದೂ ಅಲ್ಲ. ಎರಡು ತಿಂಗಳೂ ಬಹುಮಟ್ಟಿಗೆ ಅದೇ ಹುಡುಗರು. ಆಗಿಹೋದುದಕ್ಕೆ ಶೀಲದಲ್ಲಿ ಕಾರಣವನ್ನು ಹುಡುಕುವುದು ಸುಲಭ. ಆಗುವುದಕ್ಕೆ ಮುಂಚೆ ಆ ಕಾರಣ ನಮಗೆ ಕಂಡಿತ್ತೇ ಎಂದು ಕೇಳಿಕೊಳ್ಳುವುದು ಕಷ್ಟ. ರವಿಕೀರ್ತಿಯ ಕಾಲದಲ್ಲಿ ಐಹೊಳೆಯಲ್ಲಿ ನಿಂತಿದ್ದರೆ ವಾತಾಪಿಯ ಪತನವನ್ನು ನಾವು ಮುಂಗಾಣುತ್ತಿದ್ದೆವೇ ಎಂಬ ಪ್ರಶ್ನೆಯನ್ನು, ಚಾಲುಕ್ಯರ ದೌರ್ಬಲ್ಯಗಳ ಪಟ್ಟಿಯನ್ನು ಬರೆಯಲು ಕುಳಿತಾಗಲೆಲ್ಲ ವಿದ್ಯಾರ್ಥಿಗಳು ಒಮ್ಮೆ ಕೇಳಿಕೊಳ್ಳಲಿ.